ತುರ್ಕಾನಾದ ಗಾಳಿ, ಸುಸ್ವಾದ ತಂತಿ: ಆಫ್ರಿಕಾದ ಪವನ ವಿದ್ಯುತ್ ಮಾರುಕಟ್ಟೆ



ಪವನ ವಿದ್ಯುತ್ತಿನ ಬಗ್ಗೆ ಮಾತನಾಡುತ್ತೇನೆಂದಾಗ ಗದಗ, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ವಿಚಾರ ಬರುತ್ತದೆಂದು ನೀವು ಎಣಿಸಿರಬಹುದು. ಇವತ್ತು ನಿಮ್ಮನ್ನು ಆಫ್ರಿಕಾಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಜಗತ್ತಿನಲ್ಲಿ ಸ್ಥಾಪನೆಯಾದ ಪವನ ವಿದ್ಯುತ್ ಸಾಮರ್ಥ್ಯ 2023ರಲ್ಲಿ 1,000 ಗಿಗಾವಾಟ್ ದಾಟಿತು. ಅದರಲ್ಲಿ ಇಡೀ ಆಫ್ರಿಕಾ ಖಂಡದ ಪಾಲು ನೂರಕ್ಕೆ ಒಂದರಷ್ಟೂ ಇರಲಿಲ್ಲ. ಆ ಅಲ್ಪ ಪಾಲಿನಲ್ಲೂ ಬಹುಭಾಗ ದಕ್ಷಿಣ ಆಫ್ರಿಕಾ, ಈಜಿಪ್ಟ್, ಮೊರಾಕ್ಕೊ ಎಂಬ ಮೂರೇ ದೇಶಗಳದ್ದು. ಹಾಗೆಂದು ಅಲ್ಲಿ ಗಾಳಿಗೆ ಬರವಿಲ್ಲ. ವಿಶ್ವಬ್ಯಾಂಕ್ ಬಳಗದ ಅಂತರರಾಷ್ಟ್ರೀಯ ಹಣಕಾಸು ನಿಗಮ 2020ರಲ್ಲಿ ಹೊರತಂದ ಲೆಕ್ಕದ ಪ್ರಕಾರ, ಆ ಖಂಡದ ಗಾಳಿಯಿಂದ ತಾಂತ್ರಿಕವಾಗಿ ಪಡೆಯಬಹುದಾದ ವಿದ್ಯುತ್ತು ಅಲ್ಲಿನ ಬೇಡಿಕೆಯ ಸುಮಾರು ಇನ್ನೂರೈವತ್ತು ಪಟ್ಟು. ಇತ್ತ ಸಹಾರಾದ ದಕ್ಷಿಣದ ದೇಶಗಳಲ್ಲಿ ಸುಮಾರು 60 ಕೋಟಿ ಜನರ ಮನೆಗೆ ಕರೆಂಟಿಲ್ಲ. ಒಂದೇ ನೆಲದಲ್ಲಿ ಇಷ್ಟು ಗಾಳಿಯೂ ಇಷ್ಟು ಕತ್ತಲೆಯೂ ಹೇಗೆ ಜೊತೆಗಿವೆ?

ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಹಿರಿಯರು ಹೇಳಿದ್ದು ಕಣ ಮಾಡಿ, ರಾಶಿ ಹಾಕಿ, ಮೊರ ಹಿಡಿದು ನಿಂತ ರೈತನಿಗೆ. ಪವನ ವಿದ್ಯುತ್ತಿಗೂ ಅಂಥದೇ ಸಿದ್ಧತೆ ಬೇಕು. ಉತ್ಪಾದಿಸಿದ್ದನ್ನು ಕೊಂಡು ಹೊತ್ತಿಗೆ ಸರಿಯಾಗಿ ಹಣ ಕೊಡುವವರು ಬೇಕು. ಸಾಗಿಸುವ ತಂತಿ ಬೇಕು. ಕಂಬ ನೆಡುವ ನೆಲದ ಜನರ ಒಪ್ಪಿಗೆ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಎಂಥ ಗಾಳಿಯಿಂದಲೂ ಮಾರುಕಟ್ಟೆ ಹುಟ್ಟುವುದಿಲ್ಲ. ಮೂರರ ಪೈಕಿ ನೆಲದವರ ಒಪ್ಪಿಗೆಯನ್ನು ಕೊನೆಗೆ ನೋಡಿಕೊಂಡರಾಯಿತೆಂದು ಮುಂದೂಡಿದ ಕಡೆಯಲ್ಲೆಲ್ಲ ಯೋಜನೆಗೆ ಪೆಟ್ಟು ಬಿದ್ದಿದೆ. ಇದನ್ನು ಕೀನ್ಯಾದ ಒಂದು ಯೋಜನೆಯ ಮೂಲಕ ಸ್ವಲ್ಪ ವಿವರವಾಗಿ ನೋಡೋಣ.

ಕೀನ್ಯಾದ ಉತ್ತರದಲ್ಲಿ ತುರ್ಕಾನಾ ಸರೋವರವಿದೆ. ಅದರ ಆಗ್ನೇಯ ದಂಡೆಯಲ್ಲಿ, ಮರ್ಸಾಬಿಟ್ ಕೌಂಟಿಗೆ ಸೇರಿದ ಲೊಯಿಯಂಗಲಾನಿ ಎಂಬ ಊರು. ಸುತ್ತ ಕರಿಕಲ್ಲಿನ ಒಣ ಬಯಲು. ಕುಲಾಲ್, ನ್ಯಿರು ಎಂಬ ಬೆಟ್ಟಗಳು ಈ ಬಯಲಿನ ಎರಡು ಬದಿಗಿವೆ. ಇಥಿಯೋಪಿಯಾದ ಎತ್ತರದ ನಾಡಿಗೂ ಕೀನ್ಯಾದ ಎತ್ತರದ ನಾಡಿಗೂ ನಡುವೆ ನೆಲ ಇಲ್ಲಿ ತಗ್ಗಾಗಿ ಒಂದು ಕಂಡಿಯಾಗಿದೆ. ಹಿಂದೂ ಮಹಾಸಾಗರದ ಕಡೆಯಿಂದ ಬರುವ ಗಾಳಿ ಆ ಕಂಡಿಯೊಳಗೆ ನುಗ್ಗುವಾಗ ಬಿರುಸಾಗುತ್ತದೆ. ಹವಾಮಾನ ಶಾಸ್ತ್ರದಲ್ಲಿ ಇದಕ್ಕೆ ತುರ್ಕಾನಾ ಜೆಟ್ ಎಂದೇ ಹೆಸರು. ನಮ್ಮಲ್ಲಿ ಗಾಳಿಯಂತ್ರಗಳಿಗೆ ಸುಗ್ಗಿ ಎಂದರೆ ಜೂನ್‌ನಿಂದ ಸೆಪ್ಟೆಂಬರಿನ ಮುಂಗಾರು ತಿಂಗಳುಗಳು. ಅಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಒಂದೇ ದಿಕ್ಕಿನಿಂದ ಬೀಸುತ್ತದೆ. ರಾತ್ರಿಯಿಂದ ಬೆಳಗಿನ ಜಾವದವರೆಗೆ ಜೋರು, ಮಧ್ಯಾಹ್ನ ತುಸು ಇಳಿತ. ಒಂದು ಯಂತ್ರ ವರ್ಷಪೂರ್ತಿ ಪೂರ್ಣ ಶಕ್ತಿಯಲ್ಲಿ ತಿರುಗಿದರೆ ಎಷ್ಟು ವಿದ್ಯುತ್ ಬರಬಹುದೋ ಅದರ ಅರ್ಧಕ್ಕಿಂತ ಹೆಚ್ಚನ್ನು ಅಲ್ಲಿ ನಿಜಕ್ಕೂ ಪಡೆಯಬಹುದು. ನೆಲದ ಮೇಲಿನ ಗಾಳಿಯಂತ್ರಗಳ ಮಟ್ಟಿಗೆ ಇದು ಜಗತ್ತಿನಲ್ಲೇ ಅಪರೂಪ.

ಆ ಯೋಜನೆಯ 365 ಯಂತ್ರಗಳಿರುವುದು ಇಲ್ಲೇ. ಒಂದೊಂದೂ 850 ಕಿಲೋವಾಟ್‌ನದು. ಒಟ್ಟು 310 ಮೆಗಾವಾಟ್. ಡೆನ್ಮಾರ್ಕಿನ ವೆಸ್ಟಾಸ್ ಕಂಪನಿಯ ವಿ52 ಎಂಬ ಈ ಮಾದರಿಯಲ್ಲಿ ಮೂರು ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ 52 ಮೀಟರ್. ಯೋಜನೆ ನೆಲಕ್ಕಿಳಿಯುವ ಹೊತ್ತಿಗೆ ಬೇರೆ ದೇಶಗಳಲ್ಲಿ 2, 3 ಮೆಗಾವಾಟಿನ ಯಂತ್ರಗಳು ಮಾಮೂಲಾಗಿದ್ದವು. ಆದರೂ ಸಣ್ಣದನ್ನೇ ಆರಿಸಿಕೊಂಡದ್ದಕ್ಕೆ ದಾರಿಯೇ ಮುಖ್ಯ ಕಾರಣ. ಮೊಂಬಾಸಾ ಬಂದರಿಗೆ ಇಳಿದ ರೆಕ್ಕೆ, ಕಂಬದ ತುಂಡುಗಳನ್ನು ಸುಮಾರು 1,200 ಕಿಲೋಮೀಟರ್ ದೂರ ಲಾರಿಗಳಲ್ಲಿ ಸಾಗಿಸಬೇಕು. ಆ ಪ್ರಯಾಣದ ಕೊನೆಯ 208 ಕಿಲೋಮೀಟರಿನಲ್ಲಿ, ಲೈಸಾಮಿಸ್‌ನಿಂದ ಆಚೆ, ಭಾರಿ ಲಾರಿ ಹೋಗುವಂಥ ರಸ್ತೆಯೇ ಇರಲಿಲ್ಲ. ಅದನ್ನು ಮೊದಲು ಮಾಡಿಕೊಳ್ಳಬೇಕಾಯಿತು. ಉದ್ದನೆಯ ರೆಕ್ಕೆಯನ್ನು ತಿರುವುಗಳಲ್ಲಿ ಸಾಗಿಸುವ, ದೊಡ್ಡ ಕ್ರೇನ್ ನಿಲ್ಲಿಸುವ ಕಷ್ಟ ಎಂಥದೆಂದು ಘಾಟಿ ರಸ್ತೆಯಲ್ಲಿ ಇಂಥ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಗೊತ್ತು. ಯಾವ ಯಂತ್ರ ಕೊಳ್ಳಬೇಕೆಂಬುದನ್ನು ಅಲ್ಲಿ ರಸ್ತೆ ನಿರ್ಧರಿಸಿತು.

ಈಗ ಹಣದ ಮಾತು. ಸುಮಾರು 62 ಕೋಟಿ ಯೂರೊ ವೆಚ್ಚದ ಈ ಯೋಜನೆ ಆಗ ಕೀನ್ಯಾದ ಅತಿ ದೊಡ್ಡ ಖಾಸಗಿ ಹೂಡಿಕೆ. ಕೊಳ್ಳುವುದು ಕೀನ್ಯಾ ಪವರ್ ಎಂಬ ವಿತರಣಾ ಕಂಪನಿ, ನಮ್ಮ ಎಸ್ಕಾಂಗಳ ಹಾಗೆ ಆದರೆ ಇಡೀ ದೇಶಕ್ಕೆ ಒಂದೇ. ಇಪ್ಪತ್ತು ವರ್ಷದ ಖರೀದಿ ಒಪ್ಪಂದ. ದರ ಯೂನಿಟ್‌ಗೆ 7.52 ಯೂರೊ ಸೆಂಟ್. ಗಾಳಿ ಬೀಸುತ್ತಿದ್ದು ಯಂತ್ರ ಸಿದ್ಧವಿದ್ದರೆ, ವಿದ್ಯುತ್ತನ್ನು ಒಯ್ಯದಿದ್ದರೂ ಹಣ ಕೊಡಬೇಕೆಂಬ ಷರತ್ತು ಬೇರೆ. ಈ ಷರತ್ತನ್ನು ನೋಡಿ ವಿಶ್ವಬ್ಯಾಂಕ್ 2012ರಲ್ಲಿ ಖಾತರಿ ಕೊಡುವುದರಿಂದ ಹಿಂದೆ ಸರಿಯಿತು. ಅಷ್ಟು ವಿದ್ಯುತ್ತನ್ನು ಬಳಸುವಷ್ಟು ಬೇಡಿಕೆ ಕೀನ್ಯಾದಲ್ಲಿ ಇಲ್ಲದೇ ಹೋದರೆ ಭಾರ ಜನರ ಮೇಲೆ ಬೀಳುತ್ತದೆಂಬುದು ಅದರ ಆತಂಕ. ಆಗ ಮುಂದೆ ನಿಂತದ್ದು ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್. ಸಾಲದಾತರನ್ನು ಒಟ್ಟುಗೂಡಿಸಿ, ತಂತಿ ಮಾರ್ಗ ತಡವಾದರೆ ಆಗುವ ನಷ್ಟಕ್ಕೆ 2 ಕೋಟಿ ಯೂರೊದ ಖಾತರಿಯನ್ನೂ ಕೊಟ್ಟಿತು.

ತಡವಾದದ್ದು ತಂತಿಯೇ. ಲೊಯಿಯಂಗಲಾನಿಯಿಂದ ನೈರೋಬಿ ಬಳಿಯ ಸುಸ್ವಾ ಸಬ್‌ಸ್ಟೇಷನ್‌ವರೆಗೆ 400 ಕೆವಿ ಮಾರ್ಗ, ಉದ್ದ 430 ಕಿಲೋಮೀಟರಿನ ಆಸುಪಾಸು. ಗಾಳಿಯಂತ್ರ ಖಾಸಗಿಯವರ ಹೊಣೆ. ತಂತಿ ಮಾತ್ರ ಸರ್ಕಾರದ ಪ್ರಸರಣ ಕಂಪನಿ ಕೆಟ್ರಾಕೊದ ಹೊಣೆ. ತಂತಿಯ ಗುತ್ತಿಗೆ ಹಿಡಿದಿದ್ದ ಸ್ಪೇನಿನ ಐಸೊಲಕ್ಸ್ ಕಂಪನಿ 2017ರಲ್ಲಿ ದಿವಾಳಿಯಾಯಿತು. ಗೋಪುರಗಳು ಹಾದುಹೋಗುವ ಜಮೀನಿನ ಪರಿಹಾರದ ತಕರಾರು ಒಂದು ಕಡೆ, ಹೊಸ ಗುತ್ತಿಗೆದಾರರ ಹುಡುಕಾಟ ಇನ್ನೊಂದು ಕಡೆ. ಕೊನೆಗೆ ಚೀನಾದ ಕಂಪನಿಗಳು ಕೆಲಸ ಮುಗಿಸಿ, 2018ರ ಸೆಪ್ಟೆಂಬರಿನಲ್ಲಿ ಮಾರ್ಗಕ್ಕೆ ವಿದ್ಯುತ್ ಹರಿಯಿತು. ಗಾಳಿಯಂತ್ರಗಳಾದರೋ 2017ರ ಮಾರ್ಚಿಗೇ ಎದ್ದು ನಿಂತಿದ್ದವು. ಒಂದೂವರೆ ವರ್ಷ, ಜಗತ್ತಿನ ಅತ್ಯುತ್ತಮ ಗಾಳಿಯ ನಡುವೆ, 365 ಯಂತ್ರಗಳು ಒಂದು ಯೂನಿಟನ್ನೂ ಮಾರದೆ ನಿಂತವು. ಆ ಅವಧಿಗೆ ಕೀನ್ಯಾ ತೆರಬೇಕಾದ ಪರಿಹಾರದಲ್ಲಿ ಐನೂರು ಕೋಟಿ ಶಿಲಿಂಗ್‌ಗೂ ಹೆಚ್ಚು ಹಣವನ್ನು ನೇರವಾಗಿ ಕೊಟ್ಟು, ಉಳಿದದ್ದನ್ನು ವಿದ್ಯುತ್ ದರಕ್ಕೆ ಸೇರಿಸಲಾಯಿತು. ಯೋಜನೆ ಮುಗಿದ ಮೇಲೆ ಅದರಲ್ಲಿ ವೆಸ್ಟಾಸ್‌ಗಿದ್ದ ಷೇರು ಪಾಲನ್ನು ಕೊಳ್ಳುವುದಾಗಿ 2015ರಲ್ಲಿ ಒಪ್ಪಿದ್ದ ಗೂಗಲ್, ಈ ವಿಳಂಬದ ಕಾರಣಕ್ಕೆ 2020ರಲ್ಲಿ ಕೈಬಿಟ್ಟಿತು.

ಹೊಣೆಯನ್ನು ಹೀಗೆ ಇಬ್ಬರಿಗೆ ಹಂಚಿದ ಕ್ರಮದ ಬಗ್ಗೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಗಾಳಿಯಂತ್ರ ನಿಲ್ಲಿಸಲು ಒಂದೆರಡು ವರ್ಷ ಸಾಕು. ಉದ್ದನೆಯ ಪ್ರಸರಣ ಮಾರ್ಗಕ್ಕೆ ಐದಾರು ವರ್ಷ ಹಿಡಿಯುವುದು ನಮ್ಮ ದೇಶದಲ್ಲೂ ಉಂಟು. ಎರಡರ ಕರಾರಿಗೂ ಒಂದೇ ಗಡುವು ಹಾಕಿ, ತಪ್ಪಿದರೆ ದಂಡ ಸರ್ಕಾರಕ್ಕೆ ಎಂದರೆ, ಆ ದಂಡ ಬಡವರ ಬಿಲ್ಲಿಗೆ ಬರುತ್ತದೆಂದು ಸಹಿ ಹಾಕುವ ದಿನವೇ ಗೊತ್ತಿರುತ್ತದೆ. ತಂತಿ ಮೊದಲು, ಯಂತ್ರ ಆಮೇಲೆ ಎಂಬ ಕ್ರಮವನ್ನು ಹಿಡಿಯದ ದೇಶ ಪವನ ವಿದ್ಯುತ್ತನ್ನು ಅಗ್ಗವಾಗಿ ಪಡೆಯಲಾರದು.

2019ರ ಜುಲೈನಲ್ಲಿ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಯೋಜನೆಯನ್ನು ಉದ್ಘಾಟಿಸಿದರು. ಅಲ್ಲಿಂದ ಮುಂದೆ ಬೇರೊಂದು ತೊಡಕು ಕಾಣಿಸಿತು. ತುರ್ಕಾನಾದ ಗಾಳಿ ರಾತ್ರಿ ಜೋರು ಎಂದೆನಲ್ಲ, ಕೀನ್ಯಾದ ಬೇಡಿಕೆ ಏರುವುದು ಸಂಜೆ ಏಳರಿಂದ ಒಂಬತ್ತರವರೆಗೆ. ನಡುರಾತ್ರಿ ದಾಟಿದ ಮೇಲೆ ಬೇಡಿಕೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದೇ ದೇಶದ ಒಲ್ಕಾರಿಯಾದಲ್ಲಿ ಭೂಗರ್ಭದ ಹಬೆಯಿಂದ ವಿದ್ಯುತ್ ಮಾಡುವ ದೊಡ್ಡ ಸ್ಥಾವರಗಳು ಹಗಲೂ ರಾತ್ರಿ ಒಂದೇ ಸಮ ನಡೆಯುವಂಥವು. ಬೆಳಗಿನ ಜಾವ ಮೂರು ಗಂಟೆಗೆ ಗಾಳಿಯೂ ಇದೆ, ಹಬೆಯೂ ಇದೆ, ಕೊಳ್ಳುವವರು ಮಲಗಿದ್ದಾರೆ. ಹಬೆಯನ್ನು ಆಕಾಶಕ್ಕೆ ಬಿಡಬೇಕು, ಇಲ್ಲವೇ ಗಾಳಿಗೆ ಬಳಸದೆಯೂ ಹಣ ಕೊಡಬೇಕು. ರಾತ್ರಿ ಪಾಳಿಯಲ್ಲಿ ಕಾರ್ಖಾನೆ ನಡೆಸುವವರಿಗೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ ಯೂನಿಟ್ ದರ ಅರ್ಧ ಎಂಬ ರಿಯಾಯಿತಿಯನ್ನು ಕೀನ್ಯಾ 2017ರ ಕೊನೆಯಲ್ಲಿ ತಂದಿತ್ತು. ನನಗೆ ಇದು ಬಹಳ ಒಳ್ಳೆಯ ಹೆಜ್ಜೆಯಾಗಿ ಕಾಣುತ್ತದೆ. ಮಾರುಕಟ್ಟೆ ಕಟ್ಟುವುದೆಂದರೆ ಮಾರುವವರಿಗೆ ಖಾತರಿ ಕೊಡುವುದಷ್ಟೇ ಎಂದು ತಿಳಿದವರೇ ಹೆಚ್ಚು; ರಾತ್ರಿ ಕೊಳ್ಳುವವರನ್ನು ಹುಟ್ಟಿಸುವುದು, ಅಂದರೆ ಸಿಮೆಂಟ್ ಗಿರಣಿ, ನೀರೆತ್ತುವ ಪಂಪು, ವಿದ್ಯುತ್ ಬಸ್ಸಿನ ಚಾರ್ಜಿಂಗ್ ಎಲ್ಲವನ್ನೂ ಆ ಹೊತ್ತಿಗೆ ತರುವುದು, ಅದಕ್ಕಿಂತ ಮುಖ್ಯ.

2023ರ ಆಗಸ್ಟ್ 25ರ ರಾತ್ರಿ ಕೀನ್ಯಾದ ಬಹುಭಾಗ ಕತ್ತಲಾಯಿತು. ನೈರೋಬಿಯ ವಿಮಾನ ನಿಲ್ದಾಣದಲ್ಲೂ ದೀಪ ಹೋಯಿತು. ತುರ್ಕಾನಾದಿಂದ ಬರುತ್ತಿದ್ದ 270 ಮೆಗಾವಾಟ್ ಒಮ್ಮೆಲೇ ನಿಂತದ್ದು ಕಾರಣವೆಂದು ಕೀನ್ಯಾ ಪವರ್ ಹೇಳಿತು. ಗ್ರಿಡ್‌ನಲ್ಲಿ ವೋಲ್ಟೇಜ್ ಏರಿದ್ದರಿಂದ ತಮ್ಮ ಯಂತ್ರಗಳು ರಕ್ಷಣೆಗಾಗಿ ತಾವೇ ಕಳಚಿಕೊಂಡವೆಂದು ಗಾಳಿ ಕಂಪನಿ ಹೇಳಿತು. ಯಾರ ಮಾತು ಸರಿ ಎಂಬುದಕ್ಕಿಂತ, ಒಂದು ದೇಶದ ಗರಿಷ್ಠ ಬೇಡಿಕೆಯೇ 2,000 ಮೆಗಾವಾಟಿನ ಆಸುಪಾಸು ಇದ್ದಾಗ ಅದರ ಸುಮಾರು ಎಂಟನೆಯ ಒಂದು ಭಾಗ ಒಂದೇ ಮಾರ್ಗದಲ್ಲಿ ಬರುತ್ತಿತ್ತೆಂಬುದನ್ನು ವಿದ್ಯುತ್ ವಿಭಾಗದ ವಿದ್ಯಾರ್ಥಿಗಳು ಗಮನಿಸಬೇಕು. ಯಾವುದೇ ಒಂದು ಮಾರ್ಗ ಅಥವಾ ಒಂದು ಸ್ಥಾವರ ಬಿದ್ದರೂ ಉಳಿದದ್ದು ತಡೆದುಕೊಳ್ಳಬೇಕೆಂಬ ಪಾಠವನ್ನು ನಾವೆಲ್ಲ ಮೊದಲ ವರ್ಷವೇ ಓದಿದ್ದೇವೆ. ಸಣ್ಣ ಗ್ರಿಡ್‌ಗೆ ದೊಡ್ಡ ಗಾಳಿಕ್ಷೇತ್ರ ಸೇರಿಸುವಾಗ ಎರಡನೆಯ ದಾರಿಗೂ ಹಣ ಎತ್ತಿಡಬೇಕು.

ಇನ್ನು ನೆಲ. ರೆಂಡಿಲೆ, ಸಂಬುರು, ತುರ್ಕಾನಾ, ಎಲ್ ಮೊಲೊ ಜನರು ಆ ಬಯಲಿನವರು. ಎಲ್ ಮೊಲೊ ಸರೋವರದ ಮೀನುಗಾರರು, ದೇಶದ ಅತಿ ಚಿಕ್ಕ ಸಮುದಾಯಗಳಲ್ಲೊಂದು. ಉಳಿದವರು ಒಂಟೆ, ಆಡು, ದನ ಮೇಯಿಸುತ್ತ ಮಳೆ ಎಲ್ಲಿ ಬಿದ್ದರೆ ಅಲ್ಲಿಗೆ ಹೋಗುವವರು. ಅವರ ಬಳಿ ಪಹಣಿ, ಹಕ್ಕುಪತ್ರ ಇರಲಿಲ್ಲ. ಅದು ಸಮುದಾಯದ ಪರವಾಗಿ ಸ್ಥಳೀಯ ಆಡಳಿತ ಕಾಯಬೇಕಿದ್ದ ನೆಲ. ಆ ಆಡಳಿತವೇ 2007ರಲ್ಲಿ 1,50,000 ಎಕರೆಯನ್ನು ಕಂಪನಿಗೆ ಗುತ್ತಿಗೆ ಕೊಟ್ಟಿತು. ಯಂತ್ರಗಳಿಗೆ ನಿಜವಾಗಿ ಬೇಕಾದದ್ದು ಅದರ ಸಣ್ಣ ಭಾಗ. ಗಾಳಿಕ್ಷೇತ್ರದ ಒಳಗಿದ್ದ ಸರಿಮಾ ಎಂಬ ಹಟ್ಟಿಯನ್ನು ಸ್ಥಳಾಂತರಿಸಲಾಯಿತು. ಸಮುದಾಯದ ಕೆಲವರು 2014ರಲ್ಲಿ ನ್ಯಾಯಾಲಯಕ್ಕೆ ಹೋದರು. ಏಳು ವರ್ಷ ಕಳೆದು, 2021ರ ಅಕ್ಟೋಬರಿನಲ್ಲಿ ಮೇರು ಪಟ್ಟಣದ ಪರಿಸರ ಮತ್ತು ಭೂ ನ್ಯಾಯಾಲಯ, ಕಂಪನಿಯ ಜಮೀನಿನ ಹಕ್ಕುಪತ್ರಗಳನ್ನು ಕಾನೂನಿನ ಕ್ರಮ ಬಿಟ್ಟು ಪಡೆಯಲಾಗಿದೆಯೆಂದು ತೀರ್ಪು ಕೊಟ್ಟಿತು. ಸರಿಪಡಿಸಿಕೊಳ್ಳಲು ಒಂದು ವರ್ಷ ಅವಕಾಶ ಕೊಟ್ಟಿತು. ಇನ್ನಷ್ಟು ಕಾಲ ಬೇಕೆಂಬ ಬೇಡಿಕೆಯನ್ನು 2023ರ ಮೇನಲ್ಲಿ ತಳ್ಳಿಹಾಕಿತು.

ಕಂಪನಿ ಶಾಲೆ ಕಟ್ಟಿಸಿತು, ಕೊಳವೆಬಾವಿ ಕೊರೆಸಿತು, ಆಸ್ಪತ್ರೆಗಳಿಗೆ ನೆರವು ಕೊಟ್ಟಿತು, ರಸ್ತೆ ಬಂದದ್ದರಿಂದ ಪ್ರಯಾಣದ ಹೊತ್ತು ಇಳಿಯಿತು. ಇವೆಲ್ಲ ನಿಜ, ಇವುಗಳನ್ನು ಕಡೆಗಣಿಸಬಾರದು. ಆದರೆ 400 ಕೆವಿ ಮಾರ್ಗ ಆ ಜನರ ತಲೆಯ ಮೇಲಿಂದ ನೇರ ಸುಸ್ವಾಕ್ಕೆ ಹೋಯಿತು. ಅಷ್ಟು ಹೆಚ್ಚಿನ ವೋಲ್ಟೇಜನ್ನು ಇಳಿಸಿ ಸಣ್ಣ ಊರಿಗೆ ಕೊಡಬೇಕಾದರೆ ಪ್ರತ್ಯೇಕ ಸಬ್‌ಸ್ಟೇಷನ್ ಬೇಕು, ಅದು ದುಬಾರಿ. ಹಾಗಾಗಿ ಉದ್ಘಾಟನೆಯ ದಿನ ಕೌಂಟಿಯ ಕೇಂದ್ರ ಮರ್ಸಾಬಿಟ್ ಪಟ್ಟಣವೇ ರಾಷ್ಟ್ರೀಯ ಗ್ರಿಡ್‌ನ ಹೊರಗೆ, ಡೀಸೆಲ್ ಜನರೇಟರಿನ ಆಸರೆಯಲ್ಲಿ ಇತ್ತು. ಒಬ್ಬ ಎಂಜಿನಿಯರನಾಗಿ ಆ ದುಬಾರಿಯ ಲೆಕ್ಕ ನನಗೆ ಅರ್ಥವಾಗುತ್ತದೆ. ಹಾಗಿದ್ದೂ 62 ಕೋಟಿ ಯೂರೊದ ಯೋಜನೆಯ ಮೊದಲ ಅಂದಾಜು ಪಟ್ಟಿಯಲ್ಲಿ ಆ ಒಂದು ಸಬ್‌ಸ್ಟೇಷನ್ನನ್ನು ಸೇರಿಸಿದ್ದರೆ, ಮೇರುವಿನ ನ್ಯಾಯಾಲಯದಲ್ಲಿ ನಿಂತವರಲ್ಲಿ ಎಷ್ಟೋ ಮಂದಿ ಯೋಜನೆಯ ಪರವಾಗಿ ನಿಲ್ಲುತ್ತಿದ್ದರೆಂದು ನನಗೆ ಅನಿಸುತ್ತದೆ.

ಅದೇ ಕೀನ್ಯಾದಲ್ಲಿ ಇನ್ನೆರಡು ಉದಾಹರಣೆಗಳಿವೆ. ನ್ಯಾಂಡಾರುವಾ ಕೌಂಟಿಯ ಕಿನಾಂಗೊಪ್‌ನಲ್ಲಿ 60 ಮೆಗಾವಾಟಿನ ಯೋಜನೆಗೆ ಹಣ ಹೊಂದಿಕೆಯಾಗಿತ್ತು, ಒಪ್ಪಂದಗಳೂ ಆಗಿದ್ದವು. ಸಣ್ಣ ಹಿಡುವಳಿಯ ರೈತರು ಆಲೂಗಡ್ಡೆ, ಹಾಲು ನಂಬಿ ಬದುಕುವ ಸೀಮೆ ಅದು. ಜಮೀನಿನ ಬಗ್ಗೆ ಎದ್ದ ಪ್ರತಿಭಟನೆ ಹಿಂಸೆಗೆ ತಿರುಗಿ, ಒಂದು ಯಂತ್ರವೂ ಏಳದೆ 2016ರಲ್ಲಿ ಯೋಜನೆ ರದ್ದಾಯಿತು. ಇತ್ತ ನೈರೋಬಿಯ ದಕ್ಷಿಣಕ್ಕೆ ಕಾಜಿಯಾಡೊ ಕೌಂಟಿಯ ಕಿಪೆಟೊದಲ್ಲಿ 60 ಯಂತ್ರಗಳ, 100 ಮೆಗಾವಾಟಿನ ಗಾಳಿಕ್ಷೇತ್ರ 2021ರಲ್ಲಿ ಕೆಲಸ ಶುರುಮಾಡಿತು. ಅಲ್ಲಿ ನೆಲ ಮಾಸಾಯಿ ಕುಟುಂಬಗಳ ಹೆಸರಿನಲ್ಲೇ ಇತ್ತು. ಕಂಪನಿ ಒಂದೊಂದು ಕುಟುಂಬದ ಜೊತೆ ಗುತ್ತಿಗೆ ಮಾಡಿಕೊಂಡಿತು. ವಿದ್ಯುತ್ ಮಾರಾಟದ ಆದಾಯದಲ್ಲಿ ಪಾಲು ಕೊಟ್ಟಿತು. ಸಮುದಾಯದ ಟ್ರಸ್ಟಿಗೆ ಶೇ 5ರಷ್ಟು ಷೇರು ಕೊಟ್ಟಿತು. ದನಕರು ಯಂತ್ರದ ಬುಡದಲ್ಲೇ ಮೇಯುತ್ತವೆ.

ಕಿಪೆಟೊದಲ್ಲಿ ನನ್ನನ್ನು ಹಿಡಿದಿಟ್ಟ ವಿಷಯ ಇನ್ನೊಂದು. ಆ ಸುತ್ತಿನ ಬಂಡೆಗಳಲ್ಲಿ ಅಳಿವಿನಂಚಿನ ರಣಹದ್ದುಗಳು ಗೂಡು ಕಟ್ಟುತ್ತವೆ. ನೆಲದ ಮೇಲಿನ ಸತ್ತ ದನಕ್ಕೆ ಕಣ್ಣು ನೆಟ್ಟು ಹಾರುವ ಹದ್ದಿಗೆ ಎದುರಿನ ರೆಕ್ಕೆ ಕಾಣುವುದಿಲ್ಲ. ಹಾಗಾಗಿ ತರಬೇತಿ ಪಡೆದ ಸ್ಥಳೀಯರು ಹಗಲಿಡೀ ದುರ್ಬೀನು ಹಿಡಿದು ಆಕಾಶ ನೋಡುತ್ತಾರೆ. ಹದ್ದು ಹತ್ತಿರ ಬರುತ್ತಿದ್ದಂತೆ ಸುದ್ದಿ ಕೊಟ್ಟು ಆ ಯಂತ್ರವನ್ನು ನಿಲ್ಲಿಸುತ್ತಾರೆ. ಯಂತ್ರದ ಸುತ್ತ ಸತ್ತ ಜಾನುವಾರು ಬಿದ್ದಿದ್ದರೆ ಎತ್ತಿ ದೂರ ಸಾಗಿಸುತ್ತಾರೆ. ಈಜಿಪ್ಟಿನ ಸೂಯೆಜ್ ಕೊಲ್ಲಿಯಲ್ಲಿ ಯುರೋಪಿನಿಂದ ಆಫ್ರಿಕಾಕ್ಕೆ ವಲಸೆ ಹೋಗುವ ಕೊಕ್ಕರೆಗಳಿಗಾಗಿ ಇದೇ ಕ್ರಮ ರಾಡಾರ್ ನೆರವಿನಿಂದ ನಡೆಯುತ್ತದೆ. ನಿಲ್ಲಿಸಿದ ಹೊತ್ತಿನ ನಷ್ಟ ಸಣ್ಣದು. ಪಶ್ಚಿಮ ಘಟ್ಟದ ಅಂಚಿನಲ್ಲೂ ಕಪ್ಪತಗುಡ್ಡದ ಸುತ್ತಲೂ ಗಾಳಿಯಂತ್ರ ನೆಡುವ ನಾವು ಆಫ್ರಿಕಾದಿಂದ ಕಲಿಯಬೇಕಾದದ್ದು ಇದು.

ದಕ್ಷಿಣ ಆಫ್ರಿಕಾ ಹಿಡಿದ ದಾರಿ ಬೇರೆ. 2009ರಲ್ಲಿ ನಿಗದಿತ ದರ ಪ್ರಕಟಿಸಿದ್ದ ಆ ದೇಶ, 2011ರಲ್ಲಿ ಅದನ್ನು ಕೈಬಿಟ್ಟು ಸ್ಪರ್ಧಾತ್ಮಕ ಟೆಂಡರಿಗೆ ಹೋಯಿತು. ಭಾರತದಲ್ಲಿ ಪವನ ವಿದ್ಯುತ್ತಿಗೆ ಇದೇ ಬದಲಾವಣೆ ಬಂದದ್ದು 2017ರಲ್ಲಿ. ದಕ್ಷಿಣ ಆಫ್ರಿಕಾದ ಆ ಮೊದಲ ಟೆಂಡರುಗಳಲ್ಲಿ 70 ಅಂಕ ದರಕ್ಕೆ, 30 ಅಂಕ ಸ್ಥಳೀಯ ಉದ್ಯೋಗ, ಸ್ಥಳೀಯ ಖರೀದಿ, ಸಮುದಾಯದ ಷೇರು ಮುಂತಾದವಕ್ಕೆ ಇದ್ದವು. ಯೋಜನೆಯ ಸುತ್ತ 50 ಕಿಲೋಮೀಟರ್ ವ್ಯಾಪ್ತಿಯ ಸಮುದಾಯಕ್ಕೆ ಕನಿಷ್ಠ ಶೇ 2.5ರಷ್ಟು ಷೇರು ಕೊಡಲೇಬೇಕಿತ್ತು. ಮೊದಲ ಸುತ್ತಿನಲ್ಲಿ ಯೂನಿಟ್‌ಗೆ ಸುಮಾರು 1.14 ರಾಂಡ್ ಇದ್ದ ದರ ನಾಲ್ಕನೆಯ ಸುತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಒಪ್ಪಂದಗಳು ರಾಂಡ್‌ನಲ್ಲಿ, ಸಾಲ ಬಹುಪಾಲು ಅಲ್ಲಿನ ಬ್ಯಾಂಕುಗಳದ್ದೇ. ಈಸ್ಟರ್ನ್ ಕೇಪ್‌ನ ಕುಕ್‌ಹೌಸ್‌ನಲ್ಲಿ ನಿಂತಿರುವ 66 ಯಂತ್ರಗಳು ನಮ್ಮ ಸುಜ್ಲಾನ್ ಕಂಪನಿಯವು. ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿ ರೆಕ್ಕೆ ಮಾಡುವ ಕಾರ್ಖಾನೆ ಹೊಂದಿರುವ ಕಂಪನಿ ಅದೇ.

ಇಷ್ಟು ಚೆನ್ನಾಗಿ ಶುರುವಾದ ಕಾರ್ಯಕ್ರಮವನ್ನು ನಿಲ್ಲಿಸಿದ್ದು ಕೊಳ್ಳುವವನ ಹಿಂಜರಿಕೆ. ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್, ತನಗೆ ಈ ವಿದ್ಯುತ್ ಹೊರೆಯೆಂದು, ಗೆದ್ದ ಯೋಜನೆಗಳ ಜೊತೆಗಿನ ಒಪ್ಪಂದಗಳಿಗೆ ಸಹಿ ಹಾಕದೆ ಕುಳಿತಿತು. 27 ಒಪ್ಪಂದಗಳಿಗೆ ಕೊನೆಗೆ ಸಹಿ ಬಿದ್ದದ್ದು 2018ರ ಏಪ್ರಿಲಿನಲ್ಲಿ. ಆ ಹೊತ್ತಿಗೆ, ಟೆಂಡರುಗಳನ್ನು ನಂಬಿ ಕೋಯೆಗಾ ಎಂಬಲ್ಲಿ ಕಟ್ಟಿದ್ದ, ಗಾಳಿಯಂತ್ರದ ಗೋಪುರ ಮಾಡುವ ಕಾರ್ಖಾನೆ ಕೆಲಸವಿಲ್ಲದೆ ಬಾಗಿಲು ಹಾಕಿತ್ತು. ವೆಲ್ಡಿಂಗ್ ಕಲಿತ ಹುಡುಗರು ಬೇರೆ ಕಸುಬು ಹುಡುಕಿಕೊಂಡರು. ಇಂಥ ಕಾರ್ಖಾನೆಗೆ ವರ್ಷವರ್ಷವೂ ತಪ್ಪದೆ ಬರುವ ಆರ್ಡರು ಬೇಕು. ಒಂದು ವರ್ಷ ಬಂದು ಮೂರು ವರ್ಷ ಬಾರದಿದ್ದರೆ ಸ್ಥಳೀಯ ತಯಾರಿಕೆಯ ಷರತ್ತು ಬರಿಯ ಕಾಗದ. ಆಮೇಲೆ 2022ರ ಆರನೆಯ ಸುತ್ತಿನಲ್ಲಿ ಒಂದೇ ಒಂದು ಪವನ ಯೋಜನೆಯೂ ಆಯ್ಕೆಯಾಗಲಿಲ್ಲ. ಗಾಳಿ ಇರುವ ಕೇಪ್ ಪ್ರಾಂತ್ಯಗಳ ತಂತಿಗಳಲ್ಲಿ ಜಾಗ ಮುಗಿದಿತ್ತು. ದಿನಕ್ಕೆ ಎಷ್ಟೋ ತಾಸು ಲೋಡ್ ಶೆಡ್ಡಿಂಗ್ ಅನುಭವಿಸುತ್ತಿದ್ದ ದೇಶದಲ್ಲಿ ಹೀಗಾಯಿತು. ಖಾಸಗಿಯವರು ತಾವೇ ಉತ್ಪಾದಿಸಿ ಗಣಿಗೆ, ಕಾರ್ಖಾನೆಗೆ ನೇರವಾಗಿ ಮಾರಲು ಇದ್ದ ಪರವಾನಗಿಯ ಮಿತಿಯನ್ನು 2021ರಲ್ಲಿ 100 ಮೆಗಾವಾಟಿಗೆ ಏರಿಸಿ, ಆಮೇಲೆ ತೆಗೆದೇ ಹಾಕಿದ್ದರಿಂದ ಹೊಸ ದಾರಿ ತೆರೆಯಿತು. ಈಗ ಕಲ್ಲಿದ್ದಲಿನ ಪ್ರಾಂತ್ಯವಾದ ಮ್ಪುಮಲಾಂಗಾದಲ್ಲೂ ಗಾಳಿಯಂತ್ರಗಳು ಏಳುತ್ತಿವೆ. ಅಲ್ಲಿ ಗಾಳಿ ಕೇಪ್‌ನಷ್ಟು ಜೋರಿಲ್ಲ, ಆದರೆ ಹಳೆಯ ಸ್ಥಾವರಗಳ ತಂತಿಗಳಿವೆ.

ಮೊರಾಕ್ಕೊ, ಇಥಿಯೋಪಿಯಾ, ಕೇಪ್ ವರ್ಡೆಗಳ ಬಗ್ಗೆ ಒಂದೊಂದು ಮಾತು. ಮೊರಾಕ್ಕೊ 2010ರಲ್ಲೇ ಖಾಸಗಿ ಉತ್ಪಾದಕರು ಕೈಗಾರಿಕೆಗೆ ನೇರ ಮಾರುವ ಕಾನೂನು ಮಾಡಿತು. ತಾರ್ಫಾಯಾದಲ್ಲಿ 131 ಯಂತ್ರಗಳ 301 ಮೆಗಾವಾಟ್ ಕ್ಷೇತ್ರ 2014ರಲ್ಲಿ ಮುಗಿಯಿತು. 850 ಮೆಗಾವಾಟಿನ ಟೆಂಡರಿಗೆ ಯೂನಿಟ್‌ಗೆ ಸುಮಾರು 3 ಅಮೆರಿಕನ್ ಸೆಂಟ್ ದರ ಬಂದು, ಟಾಂಜಿಯರ್‌ನಲ್ಲಿ ರೆಕ್ಕೆಯ ಕಾರ್ಖಾನೆಯೂ ಬಂತು. ಅದರ ಕೆಲವು ಕ್ಷೇತ್ರಗಳು ವಿವಾದಿತ ಪಶ್ಚಿಮ ಸಹಾರಾದಲ್ಲಿವೆ. ಅಲ್ಲಿನ ಸಹ್ರಾವಿ ಜನರನ್ನು ಕೇಳಿ ಮಾಡಿದ್ದೇ ಎಂಬ ಪ್ರಶ್ನೆಯನ್ನು ಅಗ್ಗದ ದರ ಮುಚ್ಚಿಹಾಕಬಾರದು. ಇಥಿಯೋಪಿಯಾದಲ್ಲಿ ಅಡಾಮಾ, ಅಶೆಗೊಡಾಗಳ ಯಂತ್ರಗಳು ಒಣಗಾಲದಲ್ಲಿ, ಅಂದರೆ ಜಲಾಶಯದ ನೀರು ಇಳಿಯುವ ಹೊತ್ತಿನಲ್ಲಿ, ಹೆಚ್ಚು ತಿರುಗುತ್ತವೆ. ಲಿಂಗನಮಕ್ಕಿಯ ನೀರಿನ ಮಟ್ಟ ನೋಡಿ ಬೇಸಿಗೆ ಎಣಿಸುವ ನಮಗೆ ಈ ಹೊಂದಾಣಿಕೆಯ ಬೆಲೆ ಗೊತ್ತು. ಕೇಪ್ ವರ್ಡೆ ದ್ವೀಪಗಳಲ್ಲಿ ತುರ್ಕಾನಾದಲ್ಲಿರುವ ಅದೇ ವಿ52 ಮಾದರಿಯ 30 ಯಂತ್ರಗಳು ನಾಲ್ಕು ದ್ವೀಪಗಳಿಗೆ ಹಂಚಿ ನಿಂತಿವೆ. ಹಡಗಿನಲ್ಲಿ ಬರುವ ಡೀಸೆಲ್ ಅಷ್ಟರಮಟ್ಟಿಗೆ ಉಳಿಯಿತು.

ಎಲ್ಲ ಕಡೆಯೂ ತಳದಲ್ಲಿ ಕೆಲಸ ಮಾಡುವ ಒಂದು ಲೆಕ್ಕ ಬಡ್ಡಿಯದು. ಗಾಳಿಗೆ ಇಂಧನದ ಖರ್ಚಿಲ್ಲ. ವೆಚ್ಚವೆಲ್ಲ ಮೊದಲೇ, ಅದೂ ಬಹುಪಾಲು ಸಾಲದಿಂದ. 100 ಕೋಟಿ ಸಾಲವನ್ನು 15 ವರ್ಷದಲ್ಲಿ ಸಮಾನ ಕಂತುಗಳಲ್ಲಿ ತೀರಿಸಬೇಕೆನ್ನಿ. ಬಡ್ಡಿ ಶೇ 5 ಆದರೆ ವರ್ಷಕ್ಕೆ ಸುಮಾರು 9.6 ಕೋಟಿ ಕಟ್ಟಬೇಕು. ಶೇ 12 ಆದರೆ ಸುಮಾರು 14.7 ಕೋಟಿ. ಯಂತ್ರ ಅದೇ, ಗಾಳಿ ಅದೇ, ಸಾಲದ ಕಂತು ಮಾತ್ರ ಸುಮಾರು ಅರ್ಧಪಟ್ಟು ಹೆಚ್ಚು. ಆಫ್ರಿಕಾದ ಬಹುತೇಕ ದೇಶಗಳಲ್ಲಿ ಇಂಥ ಯೋಜನೆಗೆ ಬಂಡವಾಳದ ವೆಚ್ಚ ಶ್ರೀಮಂತ ದೇಶಗಳಿಗಿಂತ ಎರಡು ಮೂರು ಪಟ್ಟು ಹೆಚ್ಚೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳುತ್ತದೆ. ಸಾಲ ಯೂರೊದಲ್ಲಿ, ಬಿಲ್ಲು ಶಿಲಿಂಗ್‌ನಲ್ಲಿ ಆದಾಗ, ಶಿಲಿಂಗ್ ಕುಸಿದಷ್ಟೂ ನೈರೋಬಿಯ ಮನೆಯ ಬಿಲ್ಲು ಏರುತ್ತದೆ. 2024ರ ಆರಂಭದಲ್ಲಿ ಡಾಲರಿಗೆ 160 ಶಿಲಿಂಗ್‌ವರೆಗೂ ಹೋಗಿತ್ತು. ಅಭಿವೃದ್ಧಿ ಬ್ಯಾಂಕುಗಳು ನಿಜಕ್ಕೂ ನೆರವಾಗಬೇಕೆಂದಿದ್ದರೆ ಆ ದೇಶದ ಹಣದಲ್ಲೇ ದೀರ್ಘಾವಧಿ ಸಾಲ ಕೊಟ್ಟು, ವಿನಿಮಯದ ಅಪಾಯವನ್ನು ತಾವು ಹೊರಬೇಕು. ಅದನ್ನು ಹೊರುವ ಬೆನ್ನು ಅವಕ್ಕಿದೆ, ಮೀಟರಿಗೆ ದುಡ್ಡು ಹಾಕಿ ದೀಪ ಹಚ್ಚುವ ಮನೆಗಿಲ್ಲ.

ಕೊನೆಯದಾಗಿ ಮತ್ತೆ ತಂತಿ. ಇಲ್ಲಿ ನಮ್ಮ ದೇಶವೂ ಬರುತ್ತದೆ. ಕೀನ್ಯಾದಲ್ಲಿ ಖಾಸಗಿ ಸಹಭಾಗಿತ್ವದಿಂದ ಪ್ರಸರಣ ಮಾರ್ಗ ಕಟ್ಟುವ ಯತ್ನಗಳು ನಡೆದಿವೆ. ಅದಾನಿ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ಅಲ್ಲಿ ಸಾರ್ವಜನಿಕ ವಿರೋಧ ಬಂತು. ಅಧ್ಯಕ್ಷ ವಿಲಿಯಂ ರೂಟೊ 2024ರ ನವೆಂಬರಿನಲ್ಲಿ ಅದನ್ನು ರದ್ದುಮಾಡಿದರು. ಇನ್ನೊಂದು ಯೋಜನೆ, ನಮ್ಮ ಸರ್ಕಾರಿ ಸಂಸ್ಥೆ ಪವರ್ ಗ್ರಿಡ್ ಕಾರ್ಪೊರೇಷನ್ ಮತ್ತು ಆಫ್ರಿಕಾ50 ಎಂಬ ಹೂಡಿಕೆ ಸಂಸ್ಥೆ ಸೇರಿ ಲೆಸ್ಸೋಸ್‌ನಿಂದ ಲೂಸುಕ್‌ಗೆ 400 ಕೆವಿ ಮಾರ್ಗ ಎಳೆಯುವುದು. ಲೂಸುಕ್ ಇರುವುದು ಸಂಬುರು ಕೌಂಟಿಯಲ್ಲಿ, ತುರ್ಕಾನಾದ ಗಾಳಿ ಸುಸ್ವಾಕ್ಕೆ ಇಳಿಯುವ ದಾರಿಯಲ್ಲಿ. ಆ ಮಾರ್ಗ ಬಂದರೆ ಲೂಸುಕ್‌ನಿಂದ ಮುಂದಕ್ಕೆ ಗಾಳಿಗೆ ಎರಡನೆಯ ದಾರಿ ಸಿಗುತ್ತದೆ. 2023ರ ಆಗಸ್ಟಿನಂಥ ರಾತ್ರಿಯ ಭಯ ಕಡಿಮೆಯಾಗುತ್ತದೆ. ನನ್ನ ಒತ್ತಾಯ ಇಷ್ಟು. ಆ ಮಾರ್ಗದ ಕರಾರನ್ನು, ದರದ ಸೂತ್ರವನ್ನು, ಜಮೀನಿನ ಪರಿಹಾರದ ಪಟ್ಟಿಯನ್ನು ಕೀನ್ಯಾದ ಜನರ ಮುಂದೆ ಇಡಬೇಕು. ಲೂಸುಕ್‌ನಲ್ಲಿ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಮೊದಲ ಅಂದಾಜಿನಲ್ಲೇ ಇರಬೇಕು. ಸಂಬುರುವಿನ ಶಾಲೆಗೂ ನೀರಿನ ಪಂಪಿಗೂ ಹಾಲು ತಣಿಸುವ ಘಟಕಕ್ಕೂ ಅಲ್ಲಿಂದ 33 ಕೆವಿ ಲೈನು ಹೊರಡಬೇಕು. ನಮ್ಮ ಹಳ್ಳಿಗಳಿಗೆ ಲೈನು ಎಳೆದು, ಟ್ರಾನ್ಸ್‌ಫಾರ್ಮರ್ ಕೂರಿಸಿದ ಅನುಭವ ಇರುವ ಎಂಜಿನಿಯರುಗಳು ಈ ದೇಶದಲ್ಲಿ ಸಾವಿರಾರು ಮಂದಿ ಇದ್ದಾರೆ. ಸರ್ಕಾರಿ ಸಂಸ್ಥೆಯೊಂದು ಅಲ್ಲಿಗೆ ಹೋಗುವಾಗ ಆ ಅನುಭವವನ್ನೂ ಕರಾರಿನಲ್ಲಿ ಬರೆದು ಒಯ್ಯಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.